ಜಾಬ್ ಅಂದ್ರೆ ಕಬ್ಬಿಣದ ತುಂಡು

ತಿಂಗಳಿಗೆ ಎರಡು ಶನಿವಾರ ಬೆಳಗ್ಗೆ ಯಶವಂತಪುರದಲ್ಲಿ ರೈಲು ಹತ್ತಿ ತಿಪಟೂರಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿದು ನಮ್ಮೂರ ಹತ್ತಿರದ ಒಂದು ಐಟಿಐಗೆ ಹೋಗ್ತೀನಿ. ಫಿಟ್ಟರ್ ಟ್ರೇಡಿನ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡೋಕೆ. ಇದರಲ್ಲಿ ಸಮಾಜಸೇವೆ ಅಂತ ಹೇಳಿಕೊಳ್ಳೋವಂಥದ್ದೇನೂ ಇಲ್ಲ. ದೊಡ್ಡಪ್ಪನ ಮಗ ಅಲ್ಲಿ ಜೆಟಿಓ. ಹಬ್ಬಕ್ಕೆ ಊರಿಗೆ ಹೋದಾಗ ಹಿಡ್ಕೊಂಡ. "ನಿಂಗೇನಪ್ಪಾ, ಶನಿವಾರ ರಜಾ. ಬಂದು ನಮ್ ಹುಡುಗ್ರಿಗೆ ನಾಕ್ ಮಾತು ಇಂಗ್ಲಿಷ್ ಹೇಳ್ಕೊಡು. ಕೆಲ್ಸ ಬರೋ ಹುಡುಗ್ರನ್ನೇ ಕಂಪ್ನಿಯೋರು ಬಾಯಿ ಬರಲ್ಲ ಅಂತ ವಾಪಸ್ ಕಳಿಸ್ತಾವ್ರೆ" ಅಂದ. ಅಣ್ಣನ ಮಾತಿಗೆ ಇಲ್ಲ ಅನ್ನೋಕಾಗಲಿಲ್ಲ. ಜೊತೆಗೆ, ಕನ್ನಡ ಮೀಡಿಯಮ್ಮಿನಲ್ಲಿ ಓದಿ ಬಿಇ ಮುಗಿಸಿದವನು ನಾನು. ಇವರ ಕಷ್ಟ ನನಗೆ ಗೊತ್ತು ಅನ್ನೋ ಧೈರ್ಯ ಬೇರೆ.

ಆ ಧೈರ್ಯ ಮೊದಲನೇ ದಿನವೇ ಇಳೀತು. ನನಗೆ ಹೇಗೆ ಹೇಳಿಕೊಟ್ಟಿದ್ರೋ ಹಾಗೇ ಶುರು ಮಾಡಿದ್ದೆ. ಬೋರ್ಡಿನ ಮೇಲೆ ಗೆರೆ ಎಳೆದು ಹನ್ನೆರಡು ಟೆನ್ಸುಗಳ ಪಟ್ಟಿ. ಪಾಸ್ಟ್ ಪರ್ಫೆಕ್ಟ್ ಕಂಟಿನ್ಯುಯಸ್ ಬರೋ ಹೊತ್ತಿಗೆ ಕೊನೇ ಎರಡು ಬೆಂಚು ಮಲಗಿತ್ತು. ಮುಂದಿನ ಬೆಂಚಿನವರು ಮರ್ಯಾದೆಗೆ ಕಣ್ಣು ಬಿಟ್ಕೊಂಡು ಕೂತಿದ್ರು. ಹದಿನಾರು ಹದಿನೇಳು ವರ್ಷದ ಹುಡುಗರು. ಬಹಳ ಜನಕ್ಕೆ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಜಸ್ಟ್ ಪಾಸು, ಇಬ್ಬರು ಮೂವರು ಸಪ್ಲಿಮೆಂಟರಿ ಕಟ್ಟಿ ಬಂದವರು. ನಮ್ಮ ಕಾಲಕ್ಕೆ ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸಿಗೆ ಎಬಿಸಿಡಿ. 2007ರಿಂದ ಒಂದನೇ ಕ್ಲಾಸಿಗೇ ಇಂಗ್ಲಿಷ್ ಬಂತು. ನಾಲ್ಕು ವರ್ಷ ಮುಂಚೆ ಶುರು ಮಾಡಿದರೂ ಹತ್ತನೇ ಕ್ಲಾಸಿನ ಹೊತ್ತಿಗೆ ಹೆದರಿಕೆ ಮಾತ್ರ ಅಷ್ಟೇ ಇದೆ.

ಮಧ್ಯಾಹ್ನ ಊಟ ಆದಮೇಲೆ ಅಣ್ಣನ ವರ್ಕ್‌ಶಾಪಿನಲ್ಲಿ ಸುಮ್ಮನೆ ನಿಂತಿದ್ದೆ. ಬೆಳಗ್ಗೆ ಬಾಯಿ ಬಿಡದಿದ್ದ ಅದೇ ಹುಡುಗರು ಅಲ್ಲಿ ಬೇರೆಯೇ ಆಗಿದ್ರು. "ಲೇ, ಜಾಬ್ ವೈಸಿಗೆ ಕಟ್ಟು, ಟೈಟ್ ಮಾಡ್ಲಾ." "ಮಾರ್ಕಿಂಗ್ ಔಟ್ ಆಗೈತೆ, ಪಂಚೇ ಹಾಕಿಲ್ಲ ಇವ್ನು." "ಬಾಸ್ಟರ್ಡ್ ಸಾಕು, ಸ್ಮೂತ್ ತಗೊ." (ಬೈಗುಳ ಅಲ್ಲ, ಆ ಅರದ ಹೆಸರೇ ಅದು. ಸಿಲಬಸ್ಸಿನಲ್ಲೇ ಇದೆ. ಹುಡುಗರು ಅದನ್ನು ಹೇಳುವಾಗ ಸ್ವಲ್ಪ ಜಾಸ್ತಿನೇ ಒತ್ತಿ ಹೇಳ್ತಾರೆ.) ಜೇಬಿನಲ್ಲಿದ್ದ ಡೈರಿ ತೆಗೆದು ಕೇಳಿದ ಇಂಗ್ಲಿಷ್ ಪದಗಳನ್ನೆಲ್ಲ ಬರ್ಕೊಂಡೆ. ಮುಕ್ಕಾಲು ಗಂಟೆಗೆ ಅರವತ್ಮೂರು. ಬರೀ ಹೆಸರುಗಳಲ್ಲ, ಲೂಸ್, ಟೈಟ್, ಚೆಕ್, ಸೆಟ್, ರೀಡಿಂಗ್, ಆಫ್, ರಿವರ್ಸ್ ಎಲ್ಲ ಇತ್ತು.

ಇನ್ನೇನು ಅಂತ ಖುಷಿಯಿಂದ ಮರುಪಾಠಕ್ಕೆ ಅವೇ ಪದಗಳನ್ನು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದೆ. ದಿನಾ ಕೈಯಲ್ಲಿ ಗೇಜ್ ಹಿಡಿಯೋ ಹುಡುಗ ಜಿ, ಎ, ಯು, ಜಿ, ಇ ಅಂತ ಒಂದೊಂದೇ ಅಕ್ಷರ ಕೂಡಿಸಿ "ಗೌಗೆ" ಅಂತ ಓದಿದ. ರೆಂಚನ್ನು ಇನ್ನೊಬ್ಬ "ವ್ರೆಂಚ್" ಅಂದ. ತಪ್ಪು ಅವರದಲ್ಲ. ಕನ್ನಡದಲ್ಲಿ ಬರೆದದ್ದನ್ನು ಹೆಚ್ಚುಕಡಿಮೆ ಹಾಗೇ ಓದ್ತೀವಿ. ಕಣ್ಣಿಗೆ ಕಂಡ ಅಕ್ಷರಕ್ಕೂ ಕಿವಿಗೆ ಬೀಳೋ ದನಿಗೂ ಒಂದು ಒಪ್ಪಂದ ಇದೆ. ಇಂಗ್ಲಿಷಿನಲ್ಲಿ ಆ ಒಪ್ಪಂದ ಯಾವಾಗಲೋ ಮುರಿದುಬಿದ್ದಿದೆ. ಈ ಹುಡುಗರ ತಲೆಯಲ್ಲಿ ಗೇಜ್ ಅನ್ನೋ ಮಾತು ಒಂದು ಕಡೆ ಇದೆ, ಆ ಐದು ಅಕ್ಷರಗಳು ಇನ್ನೊಂದು ಕಡೆ ಇವೆ. ಎರಡಕ್ಕೂ ಮಧ್ಯೆ ತಂತಿ ಎಳೆದಿಲ್ಲ.

ಅದೇ ಸುಮಾರಿಗೆ ಬೆಂಗಳೂರಲ್ಲಿ ಪಾಠ ಮಾಡುವವರಿಗೆ ಅಂತ ಒಂದು ದಿನದ ತರಬೇತಿ ಇತ್ತು. ದುಡ್ಡು ಕಟ್ಟಿ ಹೋಗಿದ್ದೆ. ಮಿದುಳಿಗೆ ತಕ್ಕ ಪಾಠ ಅಂತ ಅದರ ಹೆಸರು. ಕೋಟು ಹಾಕಿದ್ದವರೊಬ್ಬರು, ನಾವು ಮಿದುಳಿನಲ್ಲಿ ಶೇಕಡಾ ಹತ್ತನ್ನು ಮಾತ್ರ ಬಳಸ್ತೀವಿ ಅಂದ್ರು. ಎಡ ಮಿದುಳಿನವರು ಲೆಕ್ಕದವರು, ಬಲ ಮಿದುಳಿನವರು ಕಲಾವಿದರು ಅಂದ್ರು. ಕೆಲವು ಮಕ್ಕಳು ನೋಡಿ ಕಲೀತಾರೆ, ಕೆಲವರು ಕೇಳಿ, ಕೆಲವರು ಮಾಡಿ, ಮೊದಲು ಅವರನ್ನು ಮೂರು ಗುಂಪು ಮಾಡಿ ಅಂತ ಒಂದು ಫಾರಂ ಕೊಟ್ರು. ಸಂಜೆ ಸರ್ಟಿಫಿಕೇಟೂ ಸಿಕ್ತು.

ಸಾಫ್ಟ್‌ವೇರಿನವರಿಗೆ ಒಂದು ಕೆಟ್ಟ ಚಾಳಿ ಇರುತ್ತೆ, ಯಾರೇ ಏನೇ ಹೇಳಿದ್ರೂ ಮನೆಗೆ ಬಂದು ಲಾಗ್ ತೆಗೆದು ನೋಡೋದು. ನೋಡಿದೆ. ಶೇಕಡಾ ಹತ್ತು ಅನ್ನೋದು ಶುದ್ಧ ಸುಳ್ಳು, ನಿದ್ದೆಯಲ್ಲೂ ಮಿದುಳು ಪೂರ್ತಿ ಕೆಲಸದಲ್ಲಿರುತ್ತೆ. ಎಡ–ಬಲದ ಕಥೆ ಹುಟ್ಟಿದ್ದು, ಎರಡು ಅರ್ಧಗಳ ನಡುವಿನ ನರಗಳ ಸೇತುವೆಯನ್ನು ಆಪರೇಷನ್ ಮಾಡಿ ಕತ್ತರಿಸಿಕೊಂಡಿದ್ದ ರೋಗಿಗಳ ಮೇಲೆ ರೋಜರ್ ಸ್ಪೆರಿ ಮಾಡಿದ ಒಳ್ಳೆಯ ಕೆಲಸದಿಂದ. ಅದಕ್ಕೆ 1981ರಲ್ಲಿ ನೊಬೆಲ್ಲೂ ಬಂತು. ಆದರೆ ಸೇತುವೆ ಸರಿಯಾಗಿರೋ ನಮ್ಮ ನಿಮ್ಮಂಥವರನ್ನು ಎಡದವರು ಬಲದವರು ಅಂತ ಜಾತಿ ಮಾಡೋಕೆ ಅದರಲ್ಲಿ ಆಧಾರ ಇಲ್ಲ. ನೋಡಿ–ಕೇಳಿ–ಮಾಡಿ ಕಲಿಯುವವರ ವಿಚಾರವನ್ನಂತೂ 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತೆ ಮೂವರು ಮನಶ್ಶಾಸ್ತ್ರಜ್ಞರು ಕೂತು ಜರಡಿ ಹಿಡಿದ್ರು. ಮಕ್ಕಳನ್ನು ಹಾಗೆ ವಿಂಗಡಿಸಿ ಪಾಠ ಮಾಡಿದರೆ ಹೆಚ್ಚು ಕಲೀತಾರೆ ಅನ್ನೋದಕ್ಕೆ ಸಾಕಷ್ಟು ಸಾಕ್ಷಿ ಇಲ್ಲ ಅಂತ ಬರೆದ್ರು. ಫಾರಮ್ಮುಗಳನ್ನು ಅಮ್ಮ ಒಲೆ ಹಚ್ಚೋಕೆ ತಗೊಂಡ್ರು.

ಆದರೆ ಹಾಗೆ ಹುಡುಕ್ತಾ ಹೋದಾಗ ನಿಜವಾದ ಮಾಲೂ ಸಿಕ್ತು. ಅದರಲ್ಲಿ ಎಷ್ಟೋ ಹಳೇದು. ಹರ್ಮನ್ ಎಬ್ಬಿಂಗ್‌ಹೌಸ್ ಅಂತ ಒಬ್ಬ ಜರ್ಮನ್. ಅರ್ಥವೇ ಇಲ್ಲದ ಉಚ್ಚಾರಗಳ ಪಟ್ಟಿ ಮಾಡ್ಕೊಂಡು ವರ್ಷಗಟ್ಟಲೆ ತಾನೇ ಬಾಯಿಪಾಠ ಮಾಡಿ, ಇಪ್ಪತ್ತು ನಿಮಿಷಕ್ಕೆ ಎಷ್ಟು ಮರೀತು, ಒಂದು ದಿನಕ್ಕೆ ಎಷ್ಟು, ತಿಂಗಳಿಗೆ ಎಷ್ಟು ಅಂತ ಅಳೆದು 1885ರಲ್ಲಿ ಪುಸ್ತಕ ಮಾಡಿದ. ಅವನ ಲೆಕ್ಕದಲ್ಲಿ ಮೊದಲ ದಿನವೇ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಸೋರಿಹೋಗುತ್ತೆ. ಆಮೇಲೆ ಸೋರೋದು ನಿಧಾನ ಆಗುತ್ತೆ. ನಾನು ಹದಿನೈದು ದಿನಕ್ಕೊಮ್ಮೆ ಹೋಗಿ ಬೋರ್ಡು ತುಂಬಿಸಿ ಬರೋನು. ಅಂದ್ರೆ ತೂತು ಬಿಂದಿಗೆಗೆ ತಿಂಗಳಿಗೆರಡು ಸಲ ನೀರು ಹೊಯ್ದು ಬರ್ತಿದ್ದೆ.

ನನ್ನನ್ನು ಇನ್ನೂ ಹೆಚ್ಚು ಕಾಡಿದ್ದು 2006ರ ಒಂದು ಪ್ರಯೋಗ. ರೋಡಿಗರ್ ಮತ್ತು ಕಾರ್ಪಿಕ್ ಅಂತ ಇಬ್ಬರು ಅಮೆರಿಕದಲ್ಲಿ ಕಾಲೇಜು ಹುಡುಗರಿಗೆ ಒಂದು ಪಾಠ ಕೊಟ್ಟು, ಒಂದು ಗುಂಪಿಗೆ ನಾಲ್ಕು ಸಲ ಓದಿಸಿದ್ರು. ಇನ್ನೊಂದು ಗುಂಪಿಗೆ ಒಂದೇ ಸಲ ಓದು, ಮೂರು ಸಲ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆಯೋದು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದ್ರೆ ಓದಿದವರಿಗೆ ಶೇಕಡಾ 40 ನೆನಪಿತ್ತು, ಬರೆದು ನೋಡಿದವರಿಗೆ 61. ನಾನು ಮಿದುಳನ್ನು ಹಾರ್ಡ್ ಡಿಸ್ಕ್ ಅಂದ್ಕೊಂಡಿದ್ದೆ. ನಮ್ಮ ಕಡೆಯವರೆಲ್ಲ ಹಾಗೇ ಅಂದ್ಕೊಳ್ಳೋದು. ಡಿಸ್ಕಿನಲ್ಲಿರೋ ಫೈಲನ್ನು ಸಾವಿರ ಸಲ ತೆಗೆದು ಓದಿದ್ರೂ ಅದು ಇದ್ದಂಗೇ ಇರುತ್ತೆ. ಮಿದುಳಿನಲ್ಲಿ ಹಾಗಲ್ಲ. ತೆಗೆಯೋದೇ ಬರೆಯೋದು. ಕಷ್ಟಪಟ್ಟು ಒಂದು ಪದವನ್ನು ನೆನಪು ಮಾಡ್ಕೊಂಡಾಗಲೆಲ್ಲ ಅದು ಇನ್ನಷ್ಟು ಗಟ್ಟಿಯಾಗಿ ಕೂರುತ್ತೆ. ಹೊಲದ ಕಾಲುದಾರಿ ಇದ್ದ ಹಾಗೆ, ಓಡಾಡಿದಷ್ಟೂ ಸವೆಯೋ ಬದಲು ಆಗ್ತಾ ಹೋಗುತ್ತೆ.

ಹೀಗೆ ಹುಟ್ಟಿದ್ದು ನಮ್ಮ ಪೆಟ್ಟಿಗೆ. ನಮ್ಮದು ಅಂತ ಹೇಳ್ಕೊಳ್ಳೋ ಹಾಗಿಲ್ಲ, ಸೆಬಾಸ್ಟಿಯನ್ ಲೈಟ್ನರ್ ಅನ್ನೋ ಪತ್ರಕರ್ತ 1970ರ ದಶಕದಲ್ಲೇ ಜರ್ಮನಿಯಲ್ಲಿ ಇದನ್ನು ಜನಪ್ರಿಯ ಮಾಡಿದ್ದ. ಶೂ ಡಬ್ಬದೊಳಗೆ ರಟ್ಟಿನಿಂದ ನಾಲ್ಕು ಕೋಣೆ. ಕಾರ್ಡಿಗೆ ದುಡ್ಡು ಯಾಕೆ ಖರ್ಚು ಅಂತ ಅಮ್ಮ ಅಟ್ಟದ ಮೇಲಿಂದ ಹಳೇ ಲಗ್ನಪತ್ರಿಕೆಗಳ ಕಟ್ಟು ಇಳಿಸಿಕೊಟ್ರು. ಹತ್ತು ವರ್ಷದಲ್ಲಿ ಊರಲ್ಲಾದ ಮದುವೆಗಳೆಲ್ಲ ಅದರಲ್ಲಿದ್ದವು. ಕತ್ತರಿಸಿ, ಖಾಲಿ ಬದಿಯಲ್ಲಿ ಇಂಗ್ಲಿಷ್ ಪದ, ಗಣೇಶನೋ ಗಂಡುಹೆಣ್ಣಿನ ಹೆಸರೋ ಇದ್ದ ಬದಿಗೆ ಚೀಟಿ ಅಂಟಿಸಿ ಆ ಸಾಮಾನಿನ ಚಿತ್ರ. ಚಿತ್ರ ನೋಡಿ ಪದ ಹೇಳಬೇಕು, ಬರೆಯಬೇಕು. ಸರಿ ಹೇಳಿದ ಕಾರ್ಡು ಮುಂದಿನ ಕೋಣೆಗೆ. ತಪ್ಪಿದರೆ ಎಲ್ಲೇ ಇದ್ದರೂ ವಾಪಸ್ಸು ಮೊದಲನೇ ಕೋಣೆಗೆ. ಮೊದಲನೇ ಕೋಣೆ ದಿನಾ, ಎರಡನೇದು ಮೂರು ದಿನಕ್ಕೊಮ್ಮೆ, ಮೂರನೇದು ವಾರಕ್ಕೆ, ನಾಲ್ಕನೇದು ನಾನು ಬಂದಾಗ. ವರ್ಕ್‌ಶಾಪಿಗೆ ಇಳಿಯೋ ಮುಂಚೆ ಹತ್ತು ನಿಮಿಷ ಸಾಕು. ನಾನಿಲ್ಲದ ಹದಿಮೂರು ದಿನ ಪಾಠ ಮಾಡೋದು ಈ ಡಬ್ಬ.

ವಾಕ್ಯಗಳಿಗೆ ಬೇರೆ ದಾರಿ ಹಿಡಿದೆ. ಜೇಮ್ಸ್ ಆಶರ್ ಅನ್ನೋ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲಿ ಹೇಳಿದ್ದು: ಹೊಸ ಭಾಷೆಯನ್ನು ಮೊದಲು ಅಪ್ಪಣೆಗಳಾಗಿ ಕೇಳಿಸಿ, ಕಲಿಯುವವರು ಮೈಯಿಂದ ಮಾಡಿ ತೋರಿಸಲಿ, ಮಾತಾಡಿ ಅಂತ ಒತ್ತಾಯ ಬೇಡ. ನಮ್ಮ ಮನೆಗಳಲ್ಲಿ ಮಗು ಮಾತು ಕಲಿಯೋದೂ ಹೀಗೇ ಅಲ್ವಾ. "ಚೊಂಬು ತತ್ತಾ" ಅಂದ್ರೆ ತರುತ್ತೆ, ಹೇಳೋಕೆ ಬರೋದು ಎಷ್ಟೋ ತಿಂಗಳ ಮೇಲೆ. ಹಾಗಾಗಿ ಪಾಠವನ್ನು ವರ್ಕ್‌ಶಾಪಿಗೇ ಎತ್ತಿ ಹಾಕಿದೆ. ಹೋಲ್ಡ್ ದ ಜಾಬ್ ಇನ್ ದ ವೈಸ್. ಟೈಟನ್ ದ ಹ್ಯಾಂಡಲ್. ಡೋಂಟ್ ಟಚ್ ದ ಡ್ರಿಲ್ ಬಿಟ್. ನಾನು ಹೇಳೋದು, ಅವರು ಮಾಡೋದು. ಮೂರನೇ ಶನಿವಾರ ಅವರು ಹೇಳಿದ್ರು, ನಾನು ಮಾಡಿದೆ. ನನಗೆ ಅರ ಹಿಡಿಯೋಕೆ ಬರಲ್ಲ ಅನ್ನೋದು ಇಡೀ ಐಟಿಐಗೆ ಗೊತ್ತಾಯ್ತು. "ನೋ ಸಾರ್, ಪುಶ್, ಪುಶ್! ನಾಟ್ ಪುಲ್!" ಅಂತ ಇಪ್ಪತ್ತು ಜನ ಒಟ್ಟಿಗೆ ಕೂಗಿದ್ರು. ಟೆನ್ಸ್ ಪಟ್ಟಿ ಇಲ್ಲದೆ ಇಂಗ್ಲಿಷ್ ಆಡಿದ್ದರು, ಅದೂ ಮೇಷ್ಟ್ರನ್ನು ಬೈಯೋಕೆ.

ಒಂದು ಎಚ್ಚರ ಇಲ್ಲಿ ಬೇಕು. ಕೈಗೆ ಬಂದದ್ದೆಲ್ಲ ತಾನಾಗಿ ಬಾಯಿಗೆ ಬರಲ್ಲ. ವೈದ್ಯರ ಪುಸ್ತಕಗಳಲ್ಲಿ ಬಹಳ ಕಾಲ ಎಚ್.ಎಂ. ಅಂತ ಎರಡಕ್ಷರದಲ್ಲೇ ಇದ್ದ ಒಬ್ಬ ಅಮೆರಿಕನ್ ಇದ್ದ. ಮೂರ್ಛೆರೋಗ ನಿಲ್ಲಿಸೋಕೆ 1953ರಲ್ಲಿ ಅವನ ಮಿದುಳಿನ ಎರಡೂ ಬದಿಯಿಂದ ಹಿಪೊಕ್ಯಾಂಪಸ್ ಅನ್ನೋ ಭಾಗವನ್ನು ಬಹುಪಾಲು ತೆಗೆದ್ರು. ಹೊಸ ನೆನಪು ಉಳಿಯೋದೇ ನಿಂತುಹೋಯ್ತು. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವನಿಗೆ ಕನ್ನಡಿಯಲ್ಲಿ ನೋಡ್ತಾ ನಕ್ಷತ್ರದ ಗೆರೆ ತಿದ್ದೋ ಕೆಲಸ ಕೊಟ್ರು. ಮೂರು ದಿನದಲ್ಲಿ ಅವನ ಕೈ ಚೆನ್ನಾಗಿ ಪಳಗಿತು. ಪ್ರತಿದಿನ ಅವನಿಗೆ ಮಾತ್ರ ಅದು ಹೊಸ ಕೆಲಸವೇ, ಹಿಂದೆ ಮಾಡಿದ್ದು ನೆನಪೇ ಇಲ್ಲ. ಕೈಯ ನೆನಪಿನ ದಾರಿ ಬೇರೆ, ಹೇಳಬಹುದಾದ ನೆನಪಿನ ದಾರಿ ಬೇರೆ. ನಮ್ಮಲ್ಲಿ ಫೈಲಿಂಗಿನಲ್ಲಿ ಎಲ್ಲರಿಗಿಂತ ಕೈ ಚೆನ್ನಾಗಿದ್ದ ಹುಡುಗನಿಗೇ ತಾನು ಏನು ಮಾಡ್ತಿದ್ದೀನಿ ಅಂತ ಹೇಳೋಕೆ ಬರ್ತಿರಲಿಲ್ಲ, ಕನ್ನಡದಲ್ಲೂ. ಆದ್ದರಿಂದ ಮಾಡ್ತಾ ಮಾಡ್ತಾ ಗಟ್ಟಿಯಾಗಿ ಹೇಳಬೇಕು ಅಂತ ನಿಯಮ ಮಾಡಿದ್ವಿ.

ಆ ಹುಡುಗನ ವಿಷಯವನ್ನೇ ಹೇಳಬೇಕು. ಇಷ್ಟು ಹೊತ್ತು ಬೇರೆ ಬೇರೆ ಮಾತಾಡಿ ಮುಂದೂಡ್ತಿದ್ದದ್ದೂ ಅದಕ್ಕೇ.

ಜನವರಿಯಲ್ಲಿ ಸುಳ್ಳು ಇಂಟರ್‌ವ್ಯೂ ಇಟ್ಕೊಂಡಿದ್ದೆ. ನಾನು ಬೆಂಗಳೂರಿಂದ ಶರ್ಟ್ ಇನ್ ಮಾಡ್ಕೊಂಡು ಬಂದು ಮೇಜಿನ ಹಿಂದೆ ಕೂತೆ. ಒಬ್ಬೊಬ್ಬರೇ ಬರೋದು, ಮಿಕ್ಕವರು ಗೋಡೆಗೆ ಒರಗಿ ನೋಡೋದು. ಇವನ ಸರದಿ ಬಂತು. ಹೆಸರು ಹೇಳಿದ, ಊರು ಹೇಳಿದ. "ವಾಟ್ ಈಸ್ ಯುವರ್ ಫಾದರ್ಸ್ ಜಾಬ್?" ಅಂದೆ. ಅವನು ಒಂದು ಗಳಿಗೆ ಸುಮ್ಮನಿದ್ದ. "ಫಾದರ್ ನೋ ಜಾಬ್ ಸಾರ್. ಮೈ ಜಾಬ್, ಎಂಎಸ್ ಫ್ಲಾಟ್, ಫಿಫ್ಟಿ ಎಂಎಂ ಸ್ಕ್ವೇರ್" ಅಂದ.

ನಾನು ನಕ್ಕುಬಿಟ್ಟೆ. ಸಣ್ಣ ನಗುವಲ್ಲ, ಮೇಜು ಬಡಿದು ನಕ್ಕೆ. ನಾನು ನಕ್ಕ ಮೇಲೆ ಗೋಡೆಗೆ ಒರಗಿದ್ದವರಿಗೂ ಲೈಸೆನ್ಸ್ ಸಿಕ್ಕಿತು. ಅವನು ನನ್ನ ಮುಖ ನೋಡಿದ, ತನ್ನ ಕಾಲು ನೋಡ್ಕೊಂಡ. ಆಮೇಲೆ ಕೇಳಿದ ಯಾವ ಪ್ರಶ್ನೆಗೂ ಬಾಯಿ ಬಿಡಲಿಲ್ಲ. ತನ್ನ ಹೆಸರನ್ನೂ ಎರಡನೇ ಸಲ ಹೇಳೋಕಾಗಲಿಲ್ಲ.

ವಾಪಸ್ ರೈಲಿನಲ್ಲಿ ಕೂತಾಗ ಹೊಳೀತು. ವರ್ಕ್‌ಶಾಪಿನಲ್ಲಿ ಜಾಬ್ ಅಂದ್ರೆ ವೈಸಿಗೆ ಕಟ್ಟಿರೋ ಕಬ್ಬಿಣದ ತುಂಡು. ಐದು ತಿಂಗಳಿಂದ ನಾನೇ ಹೋಲ್ಡ್ ದ ಜಾಬ್ ಅಂತ ಬಾಯಿಪಾಠ ಮಾಡಿಸಿದ್ದೆ. ಅವನು ಅದನ್ನೇ ಹೇಳಿದ್ದ. ಅಳತೆ ಸಮೇತ.

ಪಿಯುಸಿ ಮೊದಲನೇ ವಾರ ಫಿಸಿಕ್ಸ್ ಕ್ಲಾಸಿನಲ್ಲಿ ಇನರ್ಷಿಯಾ ಅಂದ್ರೇನು ಅಂತ ಎದ್ದು ನಿಲ್ಲಿಸಿದ್ರು. ಜಡತ್ವ ನನಗೆ ಚೆನ್ನಾಗಿ ಗೊತ್ತಿತ್ತು, ಬಸ್ಸು ಗಕ್ಕನೆ ನಿಂತರೆ ಮುಂದಕ್ಕೆ ಬೀಳೋ ಉದಾಹರಣೆ ಸಮೇತ. ಅದನ್ನೇ ಕೇಳ್ತಿದ್ದಾರೆ ಅಂತ ಗೊತ್ತಿರಲಿಲ್ಲ. "ಹಳ್ಳಿಯಿಂದ ಎದ್ದು ಬಂದ್ಬಿಡ್ತಾರೆ" ಅಂದ್ರು ಮೇಷ್ಟ್ರು. ಕ್ಲಾಸು ನಕ್ಕಿತು. ಆ ವರ್ಷ ಪೂರ್ತಿ ನಾನು ಯಾವ ಕ್ಲಾಸಿನಲ್ಲೂ ಒಂದು ಪ್ರಶ್ನೆ ಕೇಳಲಿಲ್ಲ. ಇವತ್ತಿಗೂ ಆಫೀಸಿನ ಕಾಲ್‌ಗಳಲ್ಲಿ ಮಾತಾಡೋ ಮುಂಚೆ ವಾಕ್ಯವನ್ನು ಒಂದು ಸಲ ಒಳಗೇ ಓಡಿಸಿ ನೋಡ್ತೀನಿ. ಮಿದುಳಿನ ಪುಸ್ತಕಗಳಲ್ಲಿ ಇದಕ್ಕೆ ವಿವರಣೆ ಇದೆ. ಭಯ, ಅವಮಾನ ಹೆಚ್ಚಾದಾಗ ಹಣೆಯ ಹಿಂದಿನ ಮಿದುಳು, ಅಂದ್ರೆ ನಾಲ್ಕು ವಿಷಯ ಒಟ್ಟಿಗೆ ಹಿಡ್ಕೊಂಡು ವಾಕ್ಯ ಕಟ್ಟೋ ಭಾಗ, ಸರಿಯಾಗಿ ಕೆಲಸ ಮಾಡಲ್ಲ. ಗೊತ್ತಿರೋದೂ ಸಿಗಲ್ಲ. ಸ್ಟೀಫನ್ ಕ್ರಾಶೆನ್ ಇದನ್ನು ಭಾವನೆಯ ಜರಡಿ ಅಂತ ಕರೆದ. ಹೆದರಿದವನ ಕಿವಿಗೆ ಬಿದ್ದ ಭಾಷೆ ಒಳಗಿಳಿಯೋದೇ ಇಲ್ಲವಂತೆ. ಇದನ್ನೆಲ್ಲ ನಾನು ಅಕ್ಟೋಬರಿನಲ್ಲೇ ಓದಿ, ಕೆಳಗೆ ಗೆರೆ ಹಾಕಿ ಇಟ್ಕೊಂಡಿದ್ದೆ.

ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನದೂ ಇಲ್ಲ. "ಟ್ರೇಡಿಗೆ ಬತ್ತಾನೆ, ನೀನು ಬರೋ ದಿನ ಮಾತ್ರ ಬರಲ್ಲ" ಅಂದ ಅಣ್ಣ. ಬೈಕ್ ಇಸ್ಕೊಂಡು ಅವನ ಊರಿಗೆ ಹೋದೆ. ಅವರಪ್ಪ ತೋಟದಲ್ಲಿ ಕೂಲಿಗೆ ಕಾಯಿ ಸುಲೀತಿದ್ರು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ಮೂರೇ ಹಿಡಿತಕ್ಕೆ ಮಟ್ಟೆ ಬಿಡಿಸೋರು. ಫಾದರ್ ನೋ ಜಾಬ್. "ಬಾರಪ್ಪ, ಕೂತ್ಕೊ, ಎಳನೀರು ಕುಡಿ. ನೀನು ಬೆಂಗಳೂರ್ ಮೇಷ್ಟ್ರಲ್ವಾ? ನಮ್ ಹುಡುಗ ದಡ್ಡ ಕಣಪ್ಪ, ಇಂಗ್ಲೀಸು ಹತ್ತಲ್ಲ" ಅಂದ್ರು. "ಇಲ್ಲ ಯಜಮಾನ್ರೇ, ಅವನು ಸರಿಯಾಗೇ ಹೇಳಿದ್ದ. ನಂಗೇ ಅರ್ಥ ಆಗ್ಲಿಲ್ಲ" ಅಂದೆ. ಅವನು ಮಟ್ಟೆ ರಾಶಿ ಹಿಂದೆ ನಿಂತು ಕೇಳಿಸ್ಕೊಂಡ. ಮಾತಾಡಲಿಲ್ಲ. ಬೈಕ್ ಸ್ಟಾರ್ಟ್ ಮಾಡುವಾಗ ಮಾತ್ರ ಹತ್ತಿರ ಬಂದು, "ಚೈನ್ ಲೂಸ್ ಐತೆ ನೋಡ್ಕಳಣ್ಣ" ಅಂದ. ಸಾರ್ ಅನ್ನಲಿಲ್ಲ.

ಮತ್ತೆ ಬಂದದ್ದು ಮಾರ್ಚಿನಲ್ಲಿ. ಕ್ಲಾಸಿಗೆ ಎರಡು ಬದಲಾವಣೆ ಮಾಡಿದ್ದೆ. ಇಂಟರ್‌ವ್ಯೂ ಅಭ್ಯಾಸ ಇಬ್ಬಿಬ್ಬರೇ, ಗೋಡೆಗೆ ಪ್ರೇಕ್ಷಕರು ಬೇಡ. ಜಾಬ್, ಫೈಲ್, ಸಾ, ವೈಸ್ ಥರ ಎರಡೆರಡು ಅರ್ಥದ ಪದಗಳಿಗೆ ಕಾರ್ಡಿನಲ್ಲಿ ಎರಡೆರಡು ಚಿತ್ರ. ಜಾಬ್ ಕಾರ್ಡಿಗೆ ಚಿತ್ರ ಬರೆದವನು ಅವನೇ. ಒಂದು ಅರ್ಧಕ್ಕೆ ಕಬ್ಬಿಣದ ಚೌಕ, ಇನ್ನೊಂದು ಅರ್ಧಕ್ಕೆ ಕಾಯಿ ಸುಲಿಯೋ ಮನುಷ್ಯ.

ಪೆಟ್ಟಿಗೆಯಿಂದ ಹುಡುಗರು ಉದ್ಧಾರ ಆದ್ರು ಅಂತ ನಾನು ಹೇಳ್ತಿಲ್ಲ. ಆರೇಳು ಜನಕ್ಕೆ ಏನೂ ಹತ್ತಲಿಲ್ಲ. ಒಬ್ಬ ಮಧ್ಯದಲ್ಲೇ ಬಿಟ್ಟು ಕ್ಯಾಂಟರ್ ಕ್ಲೀನರ್ ಆಗಿ ಹೋದ. ನಾಲ್ಕನೇ ಕೋಣೆ ತುಂಬಿಸಿದವರಿಗೂ ಒಂದು ಪುಟ ಇಂಗ್ಲಿಷ್ ಓದೋಕೆ ಹತ್ತು ನಿಮಿಷ ಬೇಕು. ಆ ಹುಡುಗ ಪೀಣ್ಯದ ಒಂದು ಕಾರ್ಖಾನೆಯ ಇಂಟರ್‌ವ್ಯೂಗೆ ಹೋಗಿ ಫೇಲ್ ಆದ. ಎರಡನೇ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ತಗೊಂಡ್ರು. ತಮಾಷೆ ಅಂದ್ರೆ ಅಲ್ಲಿ ಇಂಟರ್‌ವ್ಯೂ ನಡೆದದ್ದೆಲ್ಲ ಕನ್ನಡದಲ್ಲೇ ಅಂತೆ, ಮೈಕ್ರೋಮೀಟರ್ ಕೈಗೆ ಕೊಟ್ಟು ರೀಡಿಂಗ್ ಹೇಳು ಅಂದ್ರಂತೆ. ಇಂಗ್ಲಿಷ್ ಬೇಕಾದದ್ದು ಕೆಲಸಕ್ಕೆ ಸೇರಿದ ಮೇಲೆ. ಮೆಷಿನ್ ಮೇಲೆ ಅಂಟಿಸಿರೋ ಎಚ್ಚರಿಕೆಗಳು, ಕೆಲಸದ ಹಾಳೆ, ರಿಪೇರಿಯಲ್ಲಿದೆ ಸ್ವಿಚ್ ಹಾಕಬೇಡಿ ಅನ್ನೋ ಕೆಂಪು ಚೀಟಿ, ಎಲ್ಲ ಇಂಗ್ಲಿಷಿನಲ್ಲೇ. ಬೆರಳು ಉಳಿಸೋ ಮಾತನ್ನಾದ್ರೂ ಕನ್ನಡದಲ್ಲಿ ಬರೆದು ಅಂಟಿಸೋಕೆ ಏನು ಖರ್ಚಾಗುತ್ತೋ ನನಗೆ ತಿಳೀದು.

ಹೋದ ತಿಂಗಳು ರಾತ್ರಿ ಹತ್ತಕ್ಕೆ ಫೋನ್ ಬಂತು. ಹಿಂದೆ ಮೆಷಿನ್ ಸದ್ದು.

"ಅಣ್ಣ, ಟಿ, ಓ, ಆರ್, ಕ್ಯೂ, ಯು, ಇ. ಏನ್ ಹೇಳು?"

"ಟಾರ್ಕ್."

"ನಾನು ಟಾರ್ಕ್ವೆ ಅಂತ ಓದ್ಬುಟ್ಟೆ. ಶಿಫ್ಟಲ್ಲಿ ಎಲ್ರೂ ನಕ್ರು."

"ನೀನೇನ್ ಮಾಡ್ದೆ?"

"ನಾನೂ ನಕ್ಕೆ. ಆಮೇಕೆ ಸೂಪ್ರವೈಸರ್‌ಗೇ ಕೇಳ್ದೆ, ಯಾಕ್ ಸಾ ಕ್ಯೂ ಯು ಇ ಹಾಕವ್ರೆ ಅಂತ. ಅವ್ರ್ಗೂ ಗೊತ್ತಿಲ್ಲ. ಕಾರ್ಡಿಗ್ ಬರ್ಕಳಣ್ಣ, ಈ ಸಲದ ಹುಡುಗ್ರಿಗೆ."

ಕಟ್ಟಿನಲ್ಲಿ ಉಳಿದಿದ್ದ ಒಂದು ಲಗ್ನಪತ್ರಿಕೆ ತೆಗೆದು ಕತ್ತರಿಸಿ ಬರೆದಿಟ್ಟೆ. ಚಿತ್ರ ಹೇಗೆ ಬರೆಯೋದು ಅಂತ ಮಾತ್ರ ಇನ್ನೂ ಹೊಳೆದಿಲ್ಲ. ಶನಿವಾರ ಹುಡುಗರನ್ನೇ ಕೇಳಬೇಕು.